ಪದ್ಮವ್ವ ಬರೆಸಿದ ದಿನಚರಿ

ಖಾನಾಪುರ ತಾಲೂಕಿನ ನಮ್ಮ ಬೀಡಿ ಊರಿನಲ್ಲಿ ಪದ್ಮವ್ವನಷ್ಟು ಸಂಶಯದ ಹೆಂಗಸನ್ನು ನಾನು ಕಂಡಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನ ಕೈಯನ್ನೂ, ಕಂಡಕ್ಟರ್ ಕೊಟ್ಟ ಟಿಕೆಟನ್ನೂ ಎರಡೆರಡು ಸಲ ನೋಡುವವಳು. ನಾಲ್ಕು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ ಸೋತ ಮೇಲೆ ಆ ಸಂಶಯವೆಲ್ಲ ಸೊಸೆ ಪ್ರಮಿಳಾಳ ಮೇಲೆ ತಿರುಗಿತು. "ನೀವು ಸುಮ್ಮ ಕುಂದರ್ರಿ ಅತ್ತಿ" ಎಂದು ಪ್ರಮಿಳಾ ಒಲೆ ಹಿಡಿದಿದ್ದಳು. ಮೂವತ್ತೈದು ವರ್ಷ ಬಡಿದ ರೊಟ್ಟಿ ಒಂದೇ ಮಾತಿಗೆ ಕೈಬಿಟ್ಟು ಹೋಯಿತಲ್ಲ ಎಂಬ ಸಂಕಟ ಮುದುಕಿಯನ್ನು ಒಳಗೊಳಗೇ ತಿನ್ನುತ್ತಿತ್ತು.

ಅಂಥವಳನ್ನು ಸೊಸೆಯೇ ಬೆಳಗಾವಿಯ ಸದಾಶಿವನಗರದ ದವಾಖಾನೆಯೊಂದಕ್ಕೆ ಕರೆದೊಯ್ದಳು. ಅಲ್ಲಿದ್ದ ಕೌಸರ ಆಕ್ಯುಪೇಶನಲ್ ಥೆರಪಿಸ್ಟ್. ಕಾಯಿಲೆ ಬಿದ್ದವರನ್ನು ಮತ್ತೆ ದಿನದ ಕೆಲಸಗಳಿಗೆ ಹಚ್ಚುವವಳು. ಗುಳಿಗೆ ಕೊಡಲಿಲ್ಲ, ಸೂಜಿ ಚುಚ್ಚಲಿಲ್ಲ. ಹಾಳೆ ತೆಗೆದು, "ಮುಂಜಾನೆ ಎದ್ದಾಗಿಂದ ಮಲಗೂತನಾ ಏನೇನ ಮಾಡ್ತೀರಿ, ಹೇಳ್ರಿ ಅವ್ವಾರ" ಎಂದಳು.

ಪದ್ಮವ್ವನ ಕಿವಿ ನೆಟ್ಟಗಾದವು. ಇದು ಸೊಸೆಯದೇ ಹೂಟ! ತನ್ನಿಂದ ಏನೂ ಆಗುವುದಿಲ್ಲ ಎಂದರೆ ಹಾಗೆಯೇ ಬರೆದುಕೊಂಡು ಒಲೆಯನ್ನು ಕಾಯಂ ಆಗಿ ಕಸಿದುಕೊಳ್ಳುತ್ತಾರೆ. ಬಾಯಿಗೆ ಬಂದದ್ದೆಲ್ಲ ಬರೆಸಿದಳು: ಐದಕ್ಕೆ ಕಸ, ಆಮೇಲೆ ಎಮ್ಮೆ ಹಿಂಡುವುದು, ನಲವತ್ತು ರೊಟ್ಟಿ, ಬಟ್ಟೆ, ಸಂಜೆಗೆ ಮತ್ತೆ ರೊಟ್ಟಿ. ಬಾಯಿ ತೆರೆದ ಪ್ರಮಿಳಾ ಅತ್ತೆಯ ಕಣ್ಣು ನೋಡಿ ಮುಚ್ಚಿಕೊಂಡಳು.

"ಇದರಾಗ ಬರೇ ದುಡಿತನ ಐತಿ" ಎಂದಳು ಕೌಸರ. "ದುಡಿತ, ವಿಶ್ರಾಂತಿ, ಮನಸಿಗೆ ಬೇಕಾದ್ದು, ಮೂರೂ ದಿನದಾಗ ಇರಬೇಕ್ರಿ. ಮೊದಲಿಗೆ ರೊಟ್ಟಿ ಬಡಿಯೂದ ಬಿಡ್ರಿ. ಸೊಸಿ ಮಾಡ್ಲಿ."

ಪದ್ಮವ್ವ ಕಂಗಾಲಾದಳು. ಒಲೆ ಉಳಿಸಲು ಹೇಳಿದ ಸುಳ್ಳೇ ಒಲೆ ಕಸಿದಿತ್ತು.

"ಬರದದ್ದ ಹೊಡದ ಹಾಕವ್ವಾ" ಎಂದು ಅತ್ತೇಬಿಟ್ಟಳು. "ಎಲ್ಲಾ ಸುಳ್ಳ. ನಾಕ ತಿಂಗಳಾತು ಹಿಟ್ಟ ಮುಟ್ಟಿಲ್ಲ. ದಿನಾ ಗ್ವಾಡಿ ನೋಡ್ಕೋತ ಕುಂತೀನಿ."

ಕೌಸರ ಬೈಯಲಿಲ್ಲ, ಹೊಸ ಹಾಳೆ ತೆಗೆದಳು. "ಬರೇ ಕುಂದರೂದೂ ಸರಿ ಅಲ್ರಿ. ಮಧ್ಯಾಹ್ನ ಒಂದ ತಾಸ ಮಲಗ್ರಿ. ಸಂಜೀಕ ಬಾಜೂ ಮನಿಗೆ ಹೋಗಿ ಹರಟಿ ಹೊಡೀರಿ. ಮುಂಜಾನೆ ಕುಂತ, ಎರಡೂ ಕೈಲೆ, ಒಂದ ರೊಟ್ಟಿ."

ಆ ಬಾಜು ಮನೆ ನಮ್ಮದೇ. ಹಾಗಾಗಿ ಇದೆಲ್ಲ ನನಗೆ ಗೊತ್ತು.

"ರೊಟ್ಟಿ ಬಡ್ಯಾಕ ಇಕಿ ಬಿಡ್ತಾಳನ?" ಎಂದು ಪದ್ಮವ್ವ ಸೊಸೆಯತ್ತ ನೋಡಿದಳು.

"ಕೈ ಸುಟ್ಟಗೋತೀರಿ ಅಂತ ಅಂಜಿದ್ನಿರಿ ಅತ್ತಿ. ಅದಕ್ಕ ಇಲ್ಲಿ ಕರಕೊಂಡ ಬಂದೆ" ಎಂದಳು ಪ್ರಮಿಳಾ. ಪದ್ಮವ್ವ ನಂಬಲಿಲ್ಲ.

ಮರುದಿನ ಪದ್ಮವ್ವ ಬಡಿದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದಿತ್ತು. ಪ್ರಮಿಳಾ ಅದನ್ನು ಬೇಯಿಸಿ ತನ್ನ ತಟ್ಟೆಗೇ ಹಾಕಿಕೊಂಡಳು. ನಾಯಿಗೆ ಎಸೆಯುತ್ತಾಳೇನೋ ಎಂದು ಪದ್ಮವ್ವ ಕೊನೆಯ ತುತ್ತಿನವರೆಗೂ ಕಣ್ಣು ಕೀಳದೆ ನೋಡಿದಳು. ತಿಂದು ಮುಗಿಸಿದ ಪ್ರಮಿಳಾ ಇನ್ನೊಂದು ಉಂಡೆ ಹಿಟ್ಟನ್ನು ಅತ್ತೆಯ ಮುಂದೆ ಸರಿಸಿದಳು.

"ಒಂದ ಅಂದಾಳ ಆಕಿ. ನನ್ನ ಮತ್ತ ದುಡಿಸಾಕ ನೋಡ್ತೀಯೇನ?" ಎಂದು ಪದ್ಮವ್ವ ಗದರಿದಳು. ಬಲಗೈ ಆಗಲೇ ಹಿಟ್ಟಿನ ಮೇಲಿತ್ತು.