ದಾರದ ಇನ್ನೊಂದು ತುದಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಆಗಲೇ ಜನ ಜಾತ್ರೆಯ ಹಾಗೆ ಸೇರಿದ್ದಾರೆ. ನಡುವೆ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬಳು ಉದ್ದನೆಯ ದಾರವನ್ನು ಕೆಂಪು ಪುಡಿಯ ಡಬ್ಬಿಯೊಳಗಿಂದ ಎಳೆದು ತೆಗೆಯುತ್ತಿದ್ದಾಳೆ. ಅಂಗೈ ಕೆಂಪು, ಮೂಗಿನ ತುದಿ ಕೆಂಪು. ಊರಿಗೆಲ್ಲ ಅವಳು ದಾರದಕ್ಕ.

ನಗರದ ಕಚೇರಿ ರಸ್ತೆ ಅಗಲ ಮಾಡುವಾಗ, ಕಾಲುದಾರಿ ಹಾಕುವಾಗ, ಯಾರ ಜಾಗ ಎಲ್ಲಿಯವರೆಗೆ ಹೋಗುತ್ತದೆಂದು ನೆಲದ ಮೇಲೆ ಗುರುತು ಹಾಕುವುದು ಇವಳ ಕೆಲಸ. ಆಕ್ಷೇಪಣೆ, ವಿಚಾರಣೆ, ಪರಿಹಾರ ಎಲ್ಲ ಮುಗಿದ ಮೇಲೆ ಕೊನೆಗೆ ಬರುವವಳು ದಾರದಕ್ಕ. ದಾರ ಬಿಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ಪೆಂದು ಕೆಂಪು ಗೆರೆ ಬೀಳುತ್ತದೆ.

ಕೆಲಸಕ್ಕೆ ಸೇರಿದ ದಿನ ಕಚೇರಿಯವರು ಒಂದು ಸುತ್ತಿಗೆ, ಒಂದು ದಪ್ಪ ಮೊಳೆ ಕೊಟ್ಟಿದ್ದರು. ದಾರದ ಇನ್ನೊಂದು ತುದಿಯನ್ನು ಆ ಮೊಳೆಗೆ ಕಟ್ಟಬೇಕು. ಇವಳಿಗೆ ಕೆಲಸ ಕಲಿಸಿದ ಹಿರಿಯ ಹಾಗೇ ಮಾಡುತ್ತಿದ್ದ. ಮನೆಯವರು ಹೊರಗೆ ಬಂದು "ಮೊಳೆ ಸರಿಸಿದ್ದೀರಿ" ಎಂದು ಕೊರಳಪಟ್ಟಿ ಹಿಡಿಯುತ್ತಿದ್ದರು. ಅದನ್ನು ನೋಡಿ ನೋಡಿ ಇವಳು ಬೇರೆಯೇ ದಾರಿ ಹಿಡಿದಳು. ಬಾಗಿಲು ತಟ್ಟಿ, ಮನೆಯ ಯಜಮಾನರ ಕೈಗೇ ದಾರದ ತುದಿ ಕೊಡುವುದು.

"ತಾನೇ ಹಿಡಿದ ದಾರಾನ ಯಾರೂ ಸುಳ್ಳು ಅನ್ನಲ್ಲ. ಬೈತಾರೆ, ಅಳ್ತಾರೆ, ಪಾತ್ರೆ ತೊಳೆದ ನೀರು ಮೈಮೇಲೆ ಸುರೀತಾರೆ. ಕೊನೆಗೆ ಹಿಡೀತಾರೆ" ಎನ್ನುತ್ತಾಳೆ. ದಿನಕ್ಕೆ ಐದಾರು ಮನೆ, ಕೆಲವೊಮ್ಮೆ ಒಂದೇ ಮನೆಗೆ ಇಡೀ ದಿನ. ಮಂಡಿ ಸವೆದಿದೆ, ಕಾಲಿನಲ್ಲಿ ನಾಯಿ ಕಚ್ಚಿದ ಗುರುತಿದೆ. ಅತ್ತೆಯ ದೂರು ಬೇರೆ: "ಊರೋರ ಕೈಗೆಲ್ಲ ದಾರ ಕೊಡ್ತಾಳೆ, ನನ್ನ ಸೂಜಿಗೊಂದು ದಾರ ಪೋಣಿಸಿಕೊಡೋಕೆ ಇವಳಿಗೆ ಪುರುಸೊತ್ತಿಲ್ಲ."

ಇವತ್ತಿನ ಸರದಿ ತಿರುವಿನ ಕ್ಷೌರದಂಗಡಿಯದು. ಆಸ್ಪತ್ರೆಗೆ ಹೋಗುವವರು ಇಲ್ಲಿ ಬಸ್ಸುಗಳ ನಡುವೆ ರಸ್ತೆಗಿಳಿದೇ ನಡೆಯಬೇಕು. ಕಾಲುದಾರಿ ಬೇಕೇ ಬೇಕು. ಆದರೆ ಅದು ಬಂದರೆ ಕ್ಷೌರಿಕನ ಎರಡು ಕುರ್ಚಿಗಳಲ್ಲಿ ಒಂದು ಹೋಗುತ್ತದೆ. ವಿಚಾರಣೆಯಲ್ಲಿ ಅವನು ಸೋತಿದ್ದಾನೆ. ದಾರ ಹಿಡಿಯುವುದಿಲ್ಲ ಎಂದು ವಾರದಿಂದ ಸಾರಿಕೊಂಡು ತಿರುಗಿದ್ದಾನೆ. ಅವನು ಹಿಡಿಯದಿದ್ದರೆ ಮೊಳೆ ಹೊಡೆಯಲೇಬೇಕೆಂದು ಕಚೇರಿಯ ಸಾಹೇಬರ ಅಪ್ಪಣೆ. ನೋಡಲು ಅವರೇ ಬಂದು ನಿಂತಿದ್ದಾರೆ. ಅದಕ್ಕೇ ಈ ಜನ, ಈ ಗುಸುಗುಸು.

"ಅಣ್ಣಾ, ಹಿಡೀತೀಯಾ?" ಎಂದು ದಾರದಕ್ಕ ತುದಿ ಚಾಚುತ್ತಾಳೆ.

ಕ್ಷೌರಿಕ ಕತ್ತರಿ ಜೇಬಿಗಿಳಿಸಿ, ಫಕ್ಕನೆ ತುದಿ ಕಿತ್ತುಕೊಳ್ಳುತ್ತಾನೆ. ಹಿಡಿದು ನಿಲ್ಲಬೇಕಾದವನು ನಿಲ್ಲುವುದೇ ಇಲ್ಲ! ತನ್ನ ಅಂಗಡಿ ದಾಟಿ ನೆಟ್ಟಗೆ ನಡೆಯುತ್ತಾನೆ. ದಾರ ಸರ್ರನೆ ಬಿಚ್ಚಿಕೊಳ್ಳುತ್ತದೆ. ಪಕ್ಕದ ಮನೆಯ ಕಾಂಪೌಂಡ್ ಗೋಡೆ ಎದೆಗೆ ತಾಗಿದಾಗಲೇ ಅವನು ನಿಂತದ್ದು. ಅದು ಸಾಹೇಬರ ಸರ್ಕಾರಿ ಮನೆ. ಗುಲಾಬಿ ತೋಟದ ಗೋಡೆ ದಾರದಿಂದ ಒಂದು ಮಾರು ರಸ್ತೆಯತ್ತ ಚಾಚಿಕೊಂಡಿದೆ. ನಕ್ಷೆಯಲ್ಲಿ ಕಾಲುದಾರಿ ಅಲ್ಲಿಗೆ ಬಂದು ಸುಮ್ಮನೆ ಸಪೂರವಾಗಿಬಿಟ್ಟಿದೆ.

"ನಂದು ಇಲ್ಲೀವರೆಗೆ. ಮುಂದಕ್ಕೆ ಯಾರು ಹಿಡೀತಾರಪ್ಪಾ?" ಎಂದು ಕ್ಷೌರಿಕ ಕೂಗುತ್ತಾನೆ.

ಜನ ಹೋ ಎನ್ನುತ್ತಾರೆ. ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಗುತ್ತದೆ. "ಅದು ಸರ್ಕಾರಿ ಜಾಗ, ಅದರ ವಿಷಯ ಬೇರೆ. ನೀನು ಮೊಳೆ ಹೊಡೆದು ಮುಗಿಸಮ್ಮ."

ದಾರದಕ್ಕ ಚೀಲದಿಂದ ಮೊಳೆ ತೆಗೆಯುತ್ತಾಳೆ. ಸುತ್ತಿಗೆಯನ್ನೂ ತೆಗೆಯುತ್ತಾಳೆ. ಕೆಲಸ ಹೋದರೆ ಮನೆಯ ಒಲೆ ಉರಿಯುವುದು ಹೇಗೆ? ಎರಡನ್ನೂ ಸಾಹೇಬರತ್ತ ಚಾಚುತ್ತಾಳೆ.

"ನೀವೇ ಹೊಡೀರಿ ಸಾಹೇಬ್ರೇ. ಇವತ್ತು ನಾನು ಹೊಡೆದ್ರೆ ನಾಳೆ ಯಾವ ಮುಖ ಇಟ್ಕೊಂಡು ಇನ್ನೊಬ್ಬರ ಬಾಗ್ಲು ತಟ್ಟಲಿ?"

ಅಷ್ಟರಲ್ಲಿ ಗೋಡೆಯ ಆಚೆಯಿಂದ ಸಾಹೇಬರ ಹೆಂಡತಿಯ ದನಿ: "ಎಷ್ಟು ಹೊತ್ತು ನಿಲ್ಲಿಸ್ತೀರಿ ಅವರನ್ನ? ಬಂದು ಹಿಡೀರಿ. ಆ ಗುಲಾಬಿಗೆ ನೀರು ಹಾಕೋಳು ನಾನು, ನೀವಲ್ಲ!"

ನಗು ಭೋರ್ಗರೆಯುತ್ತದೆ. ಸಾಹೇಬರೂ ತಡೆಯಲಾರದೆ ನಗುತ್ತಾರೆ. "ನಕ್ಷೆ ತಿದ್ದಿಸ್ತೀನಿ. ನನ್ನ ಆಕ್ಷೇಪಣೆ ಇಲ್ಲ ಅಂತ ಬರೆದೂ ಕೊಡ್ತೀನಿ" ಎನ್ನುತ್ತಾ ಗೇಟಿನೊಳಗೆ ಹೋಗಿ, ಗುಲಾಬಿ ಮುಳ್ಳು ಪರಚಿಸಿಕೊಂಡು ಗೋಡೆಯ ಮೇಲಿಂದ ಕೈ ಚಾಚುತ್ತಾರೆ. ಕ್ಷೌರಿಕ ದಾರದ ತುದಿಯನ್ನು ಆ ಕೈಗೆ ಕೊಟ್ಟು, ತನ್ನ ಅಂಗಡಿಯ ಅಂಚಿಗೆ ಬಂದು ಕೂತು ದಾರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ. ಕಣ್ಣು ಒದ್ದೆ, ಬಾಯಿ ಮಾತ್ರ ಜೋರು: "ಬಿಡಕ್ಕಾ, ನೆಟ್ಟಗೆ ಬೀಳ್ಲಿ!"

ಟಪ್!

ಬಿಸಿಲೇರಿದೆ. ಜನ ಕರಗಿದ್ದಾರೆ. ಉಳಿದ ಒಂದೇ ಕುರ್ಚಿಯನ್ನು ಎಲ್ಲಿಡುವುದೆಂದು ಕ್ಷೌರಿಕ ಅಳೆಯುತ್ತಿದ್ದಾನೆ. ಮುಂದಿನ ವರ್ಷ ದಾರದಕ್ಕನ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದರೆ ನಾಚಿಕೊಳ್ಳುತ್ತಾಳೆ. ಆಮೇಲೆ ಚೀಲದಿಂದ ಮೊಳೆ ತೆಗೆದು ಅಂಗೈ ಮೇಲಿಡುತ್ತಾಳೆ.

"ಕಚೇರಿ ಸಾಮಾನು, ಹೀಗೇ ವಾಪಸ್ ಕೊಟ್ಟು ಹೋಗ್ಬೇಕು. ತುಕ್ಕು ಹಿಡಿದಿದೆ, ನಿಜ. ಆದ್ರೆ ತಲೆ ಮೇಲೆ ಒಂದೇ ಒಂದು ಏಟಿನ ಗುರುತು ಇದೆಯಾ ನೋಡಿ."