ಮುಂಗಡ ಬ್ಯಾಡ ಅಂದಿದ್ದೆ

ಗೋಕಾಕದಲ್ಲಿ ಇಂಟರ್‌ನೆಟ್ ಸೆಂಟರುಗಳು ತುಂಬಿರುತ್ತಿದ್ದ ಕಾಲ. ಅಂಥದೊಂದರಲ್ಲಿ ಕೂತು, ನಮ್ಮ ಮನೆಯಲ್ಲಿ ಯಾರೂ ನುಡಿಸದ ಹಾರ್ಮೋನಿಯಂ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದೆ. ಮರುದಿನವೇ ಮೂಡಲಗಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು.

"ನಮ್ಮಪ್ಪಗ ಬೇಕಾಗೈತ್ರಿ. ರವಿವಾರ ಬಂದು ಒಯ್ತೀನಿ. ಮುಂಗಡ ಕಳಸ್ಲೇನ್ರಿ?"

"ಬ್ಯಾಡ್ರಿ, ನಿಮ್ಮ ಮಾತ ಸಾಕು," ಎಂದೆ, ದೊಡ್ಡ ಮನುಷ್ಯನ ಹಾಗೆ.

ಶುಕ್ರವಾರ ಹುಕ್ಕೇರಿಯವರೊಬ್ಬರು ಬಂದು, ನಾನು ಕೇಳಿದ್ದಕ್ಕಿಂತ ಐನೂರು ಹೆಚ್ಚು ಕೊಟ್ಟು ಅದನ್ನು ಒಯ್ದರು. ಆಕೆಗೆ ತಿಳಿಸಲು ಎರಡು ಸಲ ಫೋನ್ ಎತ್ತಿಕೊಂಡೆ. ಏನು ಹೇಳಬೇಕೆಂದು ತೋಚದೆ ಇಟ್ಟುಬಿಟ್ಟೆ.

ರವಿವಾರ ಆಕೆ ಬಂದಳು. ಬಸ್ಸಿನಲ್ಲಿ ಹಾರ್ಮೋನಿಯಂಗೆ ಪೆಟ್ಟಾಗದಿರಲೆಂದು ಸುತ್ತಿಕೊಂಡು ಹೋಗಲು ಒಂದು ಕೌದಿ ತಂದಿದ್ದಳು. ಮಾರಿಬಿಟ್ಟೆನೆಂದು ಹೇಳಿದಾಗ ಜಗಳ ತೆಗೆಯಲಿಲ್ಲ.

"ಮುಂಗಡ ಕೊಡ್ತೀನಿ ಅಂದಿದ್ನೆಲ್ರಿ, ನೀವ ಬ್ಯಾಡ ಅಂದ್ರಿ," ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಪ್ಪ ಬಾಗಲದಾಗ ಕಾಯ್ಕೋತ ಕುಂತಿರ್ತಾನ್ರಿ. ಏನಂತ ಹೇಳ್ಲಿ?"

ಅವಳ ಎದುರಿಗೇ ಹುಕ್ಕೇರಿಗೆ ಫೋನ್ ಮಾಡಿದೆ. ಅವರು ತಿರುಗಿ ಕೊಡಲು ಒಪ್ಪಲಿಲ್ಲ. ನಾನು ನೀಡಿದ ಬಸ್ ಚಾರ್ಜನ್ನೂ ಆಕೆ ಮುಟ್ಟದೆ ಹೋದಳು.

ಆ ಅಪ್ಪನನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ಮೂಡಲಗಿಯ ದಾರಿಯಲ್ಲಿ ಬಸ್ಸು ಹೋಗುವಾಗ, ಬಾಗಿಲಲ್ಲಿ ಕೂತ ಪ್ರತಿಯೊಬ್ಬ ಮುದುಕನೂ ನನ್ನನ್ನೇ ನೋಡುತ್ತಿರುವಂತೆ ಅನಿಸಿ ಮುಖ ತಿರುಗಿಸುತ್ತೇನೆ.