ಎರಡನೇ ಮಹಡಿಯ ಪರ್ವತಾರೋಹಿ

ಆ ಆರಂತಸ್ತಿನ ಕಟ್ಟಡದಲ್ಲಿ ಎಲ್ಲರೂ ಅವನನ್ನು ಲಿಫ್ಟ್ ಮಾವ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವ ಮಾವನಿಗೆ, ಕಿಟಕಿಯಿಲ್ಲದ ಆ ಡಬ್ಬಿಯೊಳಗೆ ಹಿಮಪರ್ವತದ ಪುಸ್ತಕಗಳೇ ಜೊತೆ. ಹಿಮಗಾಳಿಯ ಪುಟ ಬಂದರೆ ನಡುಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಳ್ಳುತ್ತಾನೆ. ನಾಲ್ಕನೇ ಮಹಡಿ ದಾಟಿದರೆ ಸಾಕು, ಹಲ್ಲುನೋವಿಗೆ ಕೆನ್ನೆ ಹಿಡಿದು ನಿಂತವರಿಗೂ "ಇಲ್ಲಿಂದ ಮೇಲೆ ಮರ ಬೆಳೆಯಲ್ಲ ಸಾರ್" ಎಂದು ತಿಳಿಸುತ್ತಾನೆ.

ಮೊನ್ನೆ ಲಿಫ್ಟ್ ಕೆಟ್ಟು ನಿಂತಿತು. ಆರನೇ ಮಹಡಿಯ ಹಲ್ಲಿನ ಡಾಕ್ಟರಿಗೆ ಒಬ್ಬ ತಾತನ ಹಲ್ಲುಸೆಟ್ಟು ಬಂದಿತ್ತು. ಅದನ್ನು ಮೆಟ್ಟಿಲು ಹತ್ತಿ ತಲುಪಿಸಬೇಕು. ಮಾವ ಊಟದ ಡಬ್ಬಿ, ಮಫ್ಲರ್, ಪುಸ್ತಕ ಸಮೇತ ಹೊರಟ.

ಗಂಟೆ ಕಳೆದರೂ ಪತ್ತೆಯಿಲ್ಲ. ಡಾಕ್ಟರ ನರ್ಸಮ್ಮ ಹುಡುಕುತ್ತ ಇಳಿದು ಬಂದರೆ, ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಓದುತ್ತಿದ್ದಾನೆ!

"ಮಾವ, ಅಲ್ಲಿ ತಾತ ಬಾಯಿ ಬಿಟ್ಕೊಂಡು ಕಾಯ್ತಿದಾರೆ. ಹಲ್ಲೆಲ್ಲಿ?"

"ಭದ್ರವಾಗಿದೆ ಕಣಮ್ಮ. ಎತ್ತರಕ್ಕೆ ಮೈ ಒಗ್ಗಬೇಕಲ್ಲ! ಬೆಟ್ಟ ಹತ್ತೋರು ನಡುವೆ ವಾರಗಟ್ಟಲೆ ಡೇರೆ ಹಾಕ್ತಾರಂತೆ."

"ಅಯ್ಯೋ, ಇದು ಬರೀ ಎರಡನೇ ಮಹಡಿ!"

"ಅದಕ್ಕೇ ನಾನು ಎರಡೇ ದಿನ ಸಾಕು ಅಂದ್ಕೊಂಡಿದೀನಿ."